ವಿಮಾನ ಕಂಪನಿ ನಾಲ್ಕು, ಲೆಕ್ಕಕ್ಕೆ ಎರಡು

ಕಂಪನಿಗಳ ತಲೆ ಎಣಿಸಿ ‘ಪೈಪೋಟಿ ಇದೆಯಲ್ಲ’ ಅನ್ನುವ ಮೊದಲು ಎಚ್‌ಎಚ್‌ಐ, ಅಂದರೆ ಹರ್ಫಿಂಡಾಲ್–ಹರ್ಷ್‌ಮನ್ ಸೂಚ್ಯಂಕ, ಹಾಕಿ ನೋಡಿ. ಮಾರುಕಟ್ಟೆ ಎಷ್ಟರ ಮಟ್ಟಿಗೆ ಕೆಲವೇ ಕಂಪನಿಗಳ ಕೈಯಲ್ಲಿದೆ ಅನ್ನುವುದನ್ನು ಅಳೆಯುವ ಅಂಕಿ ಇದು. ಪ್ರತಿ ಕಂಪನಿಯ ಪಾಲನ್ನು ಶೇಕಡಾದಲ್ಲಿ ಬರೆದು, ವರ್ಗ ಮಾಡಿ, ಕೂಡಿಸಿದರೆ ಮುಗಿಯಿತು. ಇಡೀ ಮಾರುಕಟ್ಟೆ ಒಂದೇ ಕಂಪನಿಯದಾದರೆ 10,000.

ನಮ್ಮ ದೇಶೀಯ ವಿಮಾನಯಾನವನ್ನೇ ತಗೊಳ್ಳಿ. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಪ್ರತಿ ತಿಂಗಳು ಪ್ರಯಾಣಿಕರ ಅಂಕಿ ಪ್ರಕಟಿಸುತ್ತದೆ. 2024ರ ಕೊನೆಗೆ ಇಂಡಿಗೊ ಪಾಲು ಸುಮಾರು 64, ಏರ್ ಇಂಡಿಯಾ ಸಮೂಹ 26, ಆಕಾಸ 5, ಸ್ಪೈಸ್‌ಜೆಟ್ 3. ವರ್ಗಗಳು 4,096, 676, 25, 9. ಮೊತ್ತ 4,806. ಅಮೆರಿಕದ 2023ರ ವಿಲೀನ ಮಾರ್ಗಸೂಚಿ 1,800 ದಾಟಿದ ಮಾರುಕಟ್ಟೆಯನ್ನೇ ಅತಿ ಕೇಂದ್ರೀಕೃತ ಅನ್ನುತ್ತದೆ. 10,000ವನ್ನು 4,806ರಿಂದ ಭಾಗಿಸಿದರೆ 2.08, ಸಮಬಲದ ಎರಡೇ ಕಂಪನಿ ಇದ್ದಂತೆ.

ಮೊದಲ ನಾಲ್ವರ ಪಾಲು ಕೂಡಿಸುವ ಹಳೆಯ ಪದ್ಧತಿಯಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಉತ್ತರ 98. ನಾಲ್ವರೂ ತಲಾ 24.5 ಹಂಚಿಕೊಂಡಿದ್ದರೂ ಅದೇ 98. ಆದರೆ ಆಗ ಎಚ್‌ಎಚ್‌ಐ 2,401, ಅರ್ಧಕ್ಕೆ ಅರ್ಧ.

ಲೆಕ್ಕ ಕೆಡುವುದು ಎರಡು ಕಡೆ. ‘ಇತರೆ’ ಅಂತ 20 ಇದ್ದರೆ ಅದನ್ನೇ ವರ್ಗ ಮಾಡಿ 400 ಸೇರಿಸಿಬಿಡುತ್ತಾರೆ. ಅದರೊಳಗೆ ತಲಾ 2ರ ಹತ್ತು ಕಂಪನಿ ಇದ್ದರೆ ಬರಬೇಕಾದದ್ದು 40 ಮಾತ್ರ. ಇನ್ನೊಂದು, ಒಡೆಯ ಒಬ್ಬನೇ ಆದರೂ ಹೆಸರು ಬೇರೆ ಅಂತ ಬಿಡಿಬಿಡಿಯಾಗಿ ಬರೆಯುವುದು. 26ನ್ನು 16 ಮತ್ತು 10 ಅಂತ ಒಡೆದರೆ 676 ಇದ್ದದ್ದು 356ಕ್ಕೆ ಇಳಿಯುತ್ತದೆ. ಆ 320ರ ವ್ಯತ್ಯಾಸ 2×16×10. ಎರಡು ಕಂಪನಿ ವಿಲೀನವಾದರೆ ಸೂಚ್ಯಂಕ ಎಷ್ಟು ಏರುತ್ತದೆ ಅನ್ನುವುದಕ್ಕೂ ಇದೇ ಸೂತ್ರ.

ಇಷ್ಟೆಲ್ಲ ಸುಲಭ. ಕಷ್ಟ ಇರುವುದು ಮಾರುಕಟ್ಟೆಯ ಗಡಿ ಎಲ್ಲಿ ಎಳೆಯಬೇಕು ಅನ್ನುವಲ್ಲಿ. ಹುಬ್ಬಳ್ಳಿಗೆ ಹೋಗಬೇಕಾದವರಿಗೆ ದೆಹಲಿ–ಮುಂಬೈ ನಡುವೆ ನಾಲ್ಕು ಕಂಪನಿ ಹಾರಿದರೇನು ಬಂತು? ಹಾಗಾಗಿ ಜೆಟ್ ಏರ್‌ವೇಸ್‌ನಲ್ಲಿ ಅಬುಧಾಬಿಯ ಎತಿಹಾದ್ ಪಾಲು ಕೊಂಡ 2013ರ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹೊರಡುವ ಊರು–ತಲುಪುವ ಊರಿನ ಜೋಡಿಗಳನ್ನು ಮಾರುಕಟ್ಟೆಯಾಗಿ ನೋಡಿತು. ದೇಶದ ಮಟ್ಟದ 4,806 ಸರಾಸರಿ ಚಿತ್ರ ಅಷ್ಟೇ. ಒಂದೇ ಕಂಪನಿ ಹಾರುವ ಮಾರ್ಗದಲ್ಲಿ ಅದು ನೇರ 10,000.

ಬೆಂಗಳೂರು–ಧಾರವಾಡ ವಂದೇ ಭಾರತ್ 2023ರ ಜೂನ್‌ನಿಂದ ಓಡುತ್ತಿದೆ, ಅದನ್ನೂ ಸೇರಿಸಬೇಕೇ? ವಿಮಾನದ ದರ ಶೇ 5–10ರಷ್ಟು ಏರಿಸಿ ಅಲ್ಲೇ ನಿಲ್ಲಿಸಿದರೆ, ಏರಿಕೆಯೇ ಗಿಟ್ಟದಷ್ಟು ಜನ ರೈಲಿಗೆ ಹೋಗುತ್ತಾರೆಯೇ ನೋಡಬೇಕು. ಹೋದರೆ ರೈಲೂ ಅದೇ ಮಾರುಕಟ್ಟೆ. ಆದರೆ ಒಬ್ಬರೇ ಹಾರಿಸುವ ಮಾರ್ಗದಲ್ಲಿ ದರ ಆಗಲೇ ಜನ ತಡೆದುಕೊಳ್ಳುವ ತುದಿ ಮುಟ್ಟಿರಬಹುದು. ಅದರ ಮೇಲೆ ಇನ್ನೂ ಏರಿಸಿದರೆ ಜನ ಬಸ್ಸಿಗೂ ಹೋದಾರು, ಬಸ್ಸೂ ವಿಮಾನಕ್ಕೆ ಪೈಪೋಟಿ ಅಂತ ತಪ್ಪು ಉತ್ತರ ಬರುತ್ತದೆ. ಅಂಥ ಕಡೆ ಇವತ್ತಿನ ದರ ಬಿಡಿ; ಅಷ್ಟೇ ದೂರದ, ಮೂರು–ನಾಲ್ಕು ಕಂಪನಿ ಹಾರುವ ಮಾರ್ಗದ ದರದಿಂದ ಲೆಕ್ಕ ಶುರುಮಾಡಿ.