ಹುಟ್ಟು ನನ್ನ ಕೈಗೆ ಬಂದ ಭಾನುವಾರ

ಕಣ್ಣು ಕಾಣದವನನ್ನು ದೋಣಿ ಹತ್ತಿಸಿದರೆ ಜೊತೆಗಿದ್ದವರು ಕಾಮೆಂಟರಿ ಶುರು ಮಾಡುತ್ತಾರೆ. ಅಲ್ಲಿ ಕೊಕ್ಕರೆ, ಇಲ್ಲಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಆಚೆ ಸೇತುವೆ. ಪ್ರೀತಿಯಿಂದಲೇ ಹೇಳುತ್ತಾರೆ, ಬೇಡ ಅನ್ನುವುದು ಹೇಗೆ? ಆದರೆ ಹುಟ್ಟು ಮಾತ್ರ ಅವರ ಕೈಯಲ್ಲೇ ಇರುತ್ತದೆ. ನನಗೆ ಬೇಕಿದ್ದದ್ದು ಹುಟ್ಟು.

ಹೋದ ಚಳಿಗಾಲದಲ್ಲಿ ಕುಂದಾಪುರಕ್ಕೆ ಹೋದಾಗ ಅದು ಸಿಕ್ಕಿತು. ಪಂಚಗಂಗಾವಳಿಯ ಹಿನ್ನೀರು, ಹೆಂಡತಿಯ ತಮ್ಮನ ಸಣ್ಣ ದೋಣಿ, ಇಬ್ಬರಿಗೂ ಲೈಫ್ ಜಾಕೆಟ್. ಮುಂದೆ ನಾನು, ಹಿಂದೆ ಅವನು.

ದಾರಿ ತೋರಿಸಲು ಫೋನ್ ಇತ್ತು. ಮೈಕ್ರೋಸಾಫ್ಟ್ 2018ರಲ್ಲಿ ಸೌಂಡ್‌ಸ್ಕೇಪ್ ಎಂಬ ಆ್ಯಪ್ ತಂದಿತ್ತು. 2023ರಲ್ಲಿ ಅದನ್ನು ನಿಲ್ಲಿಸಿ, ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ಕೋಡಿನಿಂದ ಬೇರೆಯವರು ಕಟ್ಟಿದ ಆ್ಯಪ್ ನನ್ನ ಬಳಿ ಇದೆ. ಹೊರಡುವ ಮುಂಚೆ ದಡದ ಕಟ್ಟೆಯನ್ನು ಅದರಲ್ಲಿ ಗುರುತು ಹಾಕಿಕೊಂಡೆ. ಕಟ್ಟೆ ಎಡಕ್ಕಿದ್ದರೆ ಟಿಕ್ ಟಿಕ್ ಸದ್ದು ಎಡದಿಂದ ಬರುತ್ತದೆ. ನೇರ ಅದರತ್ತ ತಿರುಗಿದರೆ ಸದ್ದೇ ಬದಲಾಗುತ್ತದೆ. ಹೆಡ್‌ಫೋನ್ ಕಿವಿಯೊಳಗೆ ಹೋಗುವಂಥದ್ದಲ್ಲ, ಕೆನ್ನೆಯ ಮೂಳೆಗೆ ಒತ್ತಿ ಕೂರುವಂಥದ್ದು. ಕಿವಿ ಖಾಲಿ ಇರಬೇಕು. ಕಾಂಡ್ಲಾ ಬೇರುಗಳ ನಡುವೆ ನೀರು ಬಡಿಯುವುದು, ಸೇತುವೆ ಮೇಲಿನ ಲಾರಿ, ದೂರದ ಬೋಟಿನ ಇಂಜಿನ್, ಇವೆಲ್ಲ ನನಗೆ ನಕಾಶೆ.

ಮೀನು ಹಿಡಿಯಲು ಒಂದು ಎಲೆಕ್ಟ್ರಾನಿಕ್ ಅಲಾರಂ ತಂದಿದ್ದೆ. ದಾರ ಅದರೊಳಗಿನ ಸಣ್ಣ ಗಾಲಿಯ ಮೇಲೆ ಹಾಯುತ್ತದೆ. ಮೀನು ಎಳೆದು ಗಾಲಿ ತಿರುಗಿದರೆ ಬೀಪ್. ದಡದಲ್ಲಿ ಕೂತು ಹಿಡಿಯುವವರಿಗೆ ಒಳ್ಳೆಯ ವಸ್ತು. ದೋಣಿಯಲ್ಲಿ ಮಾತ್ರ ಅದು ಆಗಷ್ಟೇ ಹುಟ್ಟಿದ ಮಗುವಿನಂತೆ ಕಾರಣವಿಲ್ಲದೆ ಕೂಗುತ್ತಿತ್ತು. ದೋಣಿ ಅಲುಗಿದರೂ ಬೀಪ್, ನೀರು ಎಳೆದರೂ ಬೀಪ್.

"ಹ್ವಾಯ್ ಭಾವ, ಅದನ್ನ ಒಂಚೂರು ಬಾಯ್ ಮುಚ್ಸಿ ಮಾರಾಯ್ರೆ" ಎಂದ ಬಾಮೈದ.

ಆಫ್ ಮಾಡಿದೆ. ಕೋಲನ್ನೂ ಬದಿಗಿಟ್ಟು ಕೈಗಾಳ ಹಾಕಿದೆ. ಮಾರಿಗೊಂದು ನೂಲಿನ ಗಂಟು ಕಟ್ಟಿದ್ದೆವು. ಗಂಟುಗಳು ಬೆರಳು ದಾಟುವಾಗ ಎಣಿಸಿದರೆ ಗಾಳ ಎಷ್ಟು ಆಳಕ್ಕಿಳಿಯಿತು ಅಂತ ತಿಳಿಯುತ್ತದೆ. ಗಾಳಕ್ಕೆ ಸಿಕ್ಕಿಸಿದ ಸಿಗಡಿಯನ್ನು ಮೀನು ಸುಮ್ನೆ ಮೂಸುವುದು ಬೇರೆ, ಕಚ್ಚುವುದು ಬೇರೆ, ಏಡಿ ಕಿತ್ತಾಡುವುದೇ ಬೇರೆ. ಅಲಾರಂಗೆ ಮೂರೂ ಒಂದೇ. ಬೆರಳಿಗೆ ಅಲ್ಲ. ಬಂದದ್ದು ಒಂದು ಕೆಂಬೇರಿ. ಬೆನ್ನ ಮೇಲಿನ ಮುಳ್ಳು ಚುಚ್ಚಿ ತಾನೇ ಹೆಸರು ಹೇಳಿತು.

ವಾಪಸು ಬರುವಾಗ ಹುಟ್ಟು ನನ್ನದಾಯಿತು. ಅಷ್ಟು ಹೊತ್ತಿಗೆ ಇಳಿತ ಶುರುವಾಗಿ ನೀರು ಅಳಿವೆಯ ಕಡೆ ಜಾರುತ್ತಿತ್ತು. ದೋಣಿಯ ಮೂತಿ ಕಟ್ಟೆಯತ್ತಲೇ ಇದೆ ಅಂತ ಟಿಕ್ ಟಿಕ್ ಹೇಳುತ್ತದೆ, ದೋಣಿ ಮಾತ್ರ ಅಡ್ಡಕ್ಕೆ ಹೋಗುತ್ತಿದೆ. ಸ್ವಲ್ಪ ಹೊತ್ತಿಗೆ ಸದ್ದು ಬದಿಗೆ ಸರಿಯುತ್ತದೆ, ಮತ್ತೆ ತಿರುಗಿಸಬೇಕು. ಹೀಗೇ ಮಾಡುತ್ತಾ ಹೋದರೆ ದಾರಿ ಬಿಲ್ಲಿನಂತೆ ಬಾಗುತ್ತದೆ. ಸದ್ದು ದಿಕ್ಕು ಹೇಳುತ್ತದೆ, ನೀರಿನ ಸೆಳೆತ ಹೇಳುವುದಿಲ್ಲ. ಅದನ್ನು ಹುಟ್ಟು ಹಿಡಿದ ಕೈಯೇ ಹೇಳಬೇಕು. ಮೂತಿಯನ್ನು ನೀರು ಬರುವ ಕಡೆಗೆ ತುಸು ತಿರುಗಿಸಿ ಹಿಡಿದೆ. ಟಿಕ್ ಟಿಕ್ ಬಲಕ್ಕೆ ಬಂದು ಅಲ್ಲೇ ನಿಂತಿತು, ಆಮೇಲೆ ಅಲುಗಲಿಲ್ಲ. ಬಾಮೈದ ಎಲ್ಲಿಯೂ ಬಾಯಿ ಹಾಕಲಿಲ್ಲ. ಅದು ಅವನಿಗೆ ಎಷ್ಟು ಕಷ್ಟ ಅಂತ ನಮ್ಮ ಮನೆಯವರಿಗೆಲ್ಲ ಗೊತ್ತು.

ಇಟಲಿಯ ಹೋಮೆರಸ್ ಎಂಬ ಸಂಸ್ಥೆ ಕಣ್ಣು ಕಾಣದವರೇ ಹಾಯಿದೋಣಿ ನಡೆಸುವ ಪಂದ್ಯಕ್ಕೆ ದಾರಿ ಮಾಡಿದ್ದು ಇಂಥ ಸದ್ದಿನಿಂದಲೇ. ನೀರಿನ ಮೇಲಿನ ಗುರುತುಗಳು ಸದ್ದು ಮಾಡುತ್ತವೆ. ದೋಣಿಗಳೂ ಗಾಳಿಯನ್ನು ಯಾವ ಬದಿಯಿಂದ ಹಿಡಿದಿವೆ ಅಂತ ಸದ್ದಿನಲ್ಲೇ ತಿಳಿಸುತ್ತವೆ. ಜಪಾನಿನ ಕಣ್ಣು ಕಾಣದ ನಾವಿಕ ಮಿತ್ಸುಹಿರೊ ಇವಾಮೊಟೊ 2019ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಿಂದ ಫುಕುಶಿಮಾದವರೆಗೆ ಎಲ್ಲೂ ನಿಲ್ಲದೆ ಪೆಸಿಫಿಕ್ ದಾಟಿದರು. ಜೊತೆಗೆ ಕಣ್ಣು ಕಾಣುವ ಒಬ್ಬರಿದ್ದರು, ಆದರೆ ಹಾಯಿ ನಡೆಸಿದ್ದು ಇವಾಮೊಟೊ. 2013ರ ಪ್ರಯತ್ನದಲ್ಲಿ ತಿಮಿಂಗಿಲ ಡಿಕ್ಕಿ ಹೊಡೆದು ದೋಣಿ ಮುಳುಗಿತ್ತು, ಅದಾದ ಮೇಲೂ ಹೊರಟ ಮನುಷ್ಯ. ನನ್ನದು ಬರೀ ಹಿನ್ನೀರು, ಬಿಡಿ.

ಕಟ್ಟೆಗೆ ಮೂತಿ ತಾಗಿತು, ಸ್ವಲ್ಪ ಜೋರಾಗಿಯೇ. ಹೆಂಡತಿ ಕೆಂಬೇರಿ ನೋಡಿ, ಇದು ಇಬ್ಬರಿಗೂ ಸಾಲುವುದಿಲ್ಲ ಎಂದು ತಮ್ಮನನ್ನು ಮೀನು ಮಾರ್ಕೆಟ್‌ಗೆ ಓಡಿಸಿದಳು. ಅಲಾರಂ ಈಗ ಅವನ ಹತ್ತಿರವೇ ಇದೆ. ದಡದಲ್ಲಿ ಕೋಲು ಊರಿ ನಿದ್ದೆ ಮಾಡಲು ಬಹಳ ಅನುಕೂಲವಂತೆ.