ಶರಾವತಿಯ ಕಾಂಡ್ಲಾ ಕಾಡಲ್ಲಿ ಅಪ್ಪನ ಜೊತೆ ಕಯಾಕಿಂಗ್

ಡಿಸೆಂಬರ್ ಕೊನೇಲಿ ಭತ್ತ ಕೊಯ್ದು ಮುಗಿದಿತ್ತು, ಭದ್ರಾ ಚಾನಲ್‌ಗೆ ಬೇಸಿಗೆ ಬೆಳೆ ನೀರು ಬಿಡೋಕೆ ಇನ್ನೂ ಟೈಮ್ ಇತ್ತು, ಅಪ್ಪನ್ನ ಊರು ಬಿಡಿಸೋಕೆ ಇಷ್ಟು ಒಳ್ಳೆ ಸಮಯ ಮತ್ತೆ ಸಿಗಲ್ಲ ಅಂತ ಮಲೇಬೆನ್ನೂರಿಂದ ಬೆಳಗಿನ ಜಾವ ನಾಲ್ಕಕ್ಕೇ ಕಾರ್ ತೆಗೆದೆ. ಶಿವಮೊಗ್ಗ, ಸಾಗರ, ಆಮೇಲೆ ಗೇರುಸೊಪ್ಪ ಘಾಟಿ ಇಳಿದು ಹೊನ್ನಾವರ. ಅವ್ವ ಕಟ್ಟಿಕೊಟ್ಟ ರೊಟ್ಟಿ ಶೇಂಗಾ ಚಟ್ನಿ ಸಾಗರದಲ್ಲೇ ಖಾಲಿ. ಜೋಗದಲ್ಲಿ ನಿಲ್ಲಿಸ್ಲಿಲ್ಲ, ಯಾಕಂದ್ರೆ ಕಾಂಡ್ಲಾ, ಅಂದ್ರೆ ಉಪ್ಪು ನೀರಿನ ಕೆಸರಲ್ಲಿ ಬೆಳೆಯೋ ಮ್ಯಾಂಗ್ರೋವ್ ಗಿಡಗಳ ನಡುವಿನ ಸಣ್ಣ ಕಾಲುವೆಗಳಿಗೆ ಸಮುದ್ರದ ನೀರು ಏರೋ ಹೊತ್ತಲ್ಲೇ ಇಳೀಬೇಕು, ಇಳಿತದಲ್ಲಿ ಹೋದ್ರೆ ಬರೀ ಕೆಸರು.

ಇಬ್ಬರು ಕೂರೋ ಕಯಾಕ್, ಮುಂದೆ ಅಪ್ಪ, ಹಿಂದೆ ನಾನು. ಪಕ್ಕದಲ್ಲಿ ಇನ್ನೊಂದರಲ್ಲಿ ಅಲ್ಲೇ ಮೀನುಗಾರರ ಮನೆ ಹುಡುಗ ಗೈಡ್. ಜೋಗದಲ್ಲಿ 253 ಮೀಟರ್ ಧುಮುಕಿ ಬರೋ ಶರಾವತಿ ಇಲ್ಲಿ ಅಗಲವಾಗಿ ಹರಡಿಕೊಂಡು ಸದ್ದೇ ಇಲ್ಲದೆ ಇರ್ತಾಳೆ, ಕೊಂಕಣ ರೈಲ್ವೆ ಸೇತುವೆನೇ ಸುಮಾರು ಎರಡು ಕಿಲೋಮೀಟರ್ ಉದ್ದ ಇದೆ ಅಂದ್ರೆ ಲೆಕ್ಕ ಹಾಕಿ. ಸ್ವಲ್ಪ ದೂರ ಹೋಗಿದ್ವಿ, ಅಪ್ಪ ಹುಟ್ಟು ಹಾಕೋದು ನಿಲ್ಲಿಸಿ "ಲೇ, ನೀರು ಹಿಂದಕ್ ಹೋಗ್ತೈತಲ್ಲೋ" ಅಂದ. ಹೌದು, ಒಣಗಿದ ಎಲೆಯೊಂದು ನಮ್ಮ ಜೊತೆನೇ ಸಮುದ್ರದ ಕಡೆಯಿಂದ ಒಳಕ್ಕೆ ತೇಲ್ತಾ ಇತ್ತು. ದಿನಕ್ಕೆ ಎರಡು ಸಲ ಹಿಂಗೆ ಏರಿ ಎರಡು ಸಲ ಇಳಿಯುತ್ತಂತೆ. ಚಾನಲ್‌ನ ಕೊನೇ ಭಾಗದ ರೈತ ನಮ್ಮಪ್ಪ, ನೀರು ಯಾವಾಗ ಬರುತ್ತೆ ಅಂತ ವರ್ಷವೆಲ್ಲಾ ಕಾಯೋನು, ಅವನ ಮುಖ ಆಗ ನೋಡ್ಬೇಕಿತ್ತು.

ಒಳಗೆ ಹೋದ್ಮೇಲೆ ಕೊಂಬೆಗಳು ತಲೆ ಮೇಲೆ ಕೂಡ್ಕೊಂಡು ನೆರಳು ನೆರಳು. ಕಮಾನಿನ ಥರ ಬೇರುಗಳು ಕಾಂಡದಿಂದ ಇಳಿದು ಕೆಸರಲ್ಲಿ ನಿಂತಿವೆ, ಬೇರೆ ಜಾತಿಯ ಗಿಡಗಳ ಬೇರು ಪೆನ್ಸಿಲ್ ನೆಟ್ಟಂಗೆ ಕೆಸರಿಂದ ಮೇಲಕ್ಕೆ ಎದ್ದಿವೆ, ಅವು ಉಸಿರಾಡೋ ಬೇರು, ಆ ಕೆಸರಲ್ಲಿ ಗಾಳಿನೇ ಇರಲ್ಲ. ನುಗ್ಗೆಕಾಯಿ ಥರ ಉದ್ದಕ್ಕೆ ಜೋತುಬಿದ್ದಿದ್ದು ಕಾಯಿ ಅಲ್ಲ, ಮರದಲ್ಲೇ ಮೊಳೆತ ಸಸಿ, ಬಿದ್ದು ಕೆಸರಿಗೆ ನಾಟಿಕೊಳ್ಳುತ್ತೆ ಇಲ್ಲಾ ತೇಲಿಕೊಂಡು ಬೇರೆ ಕಡೆ ಹೋಗುತ್ತೆ. ನಾಟಿ ಮಾಡೋಕೆ ಆಳೇ ಬೇಡ!

"ಅಲ್ಲಾ ತಮ್ಮಾ, ಇಷ್ಟ್ ಉಪ್ಪಲ್ಲಿ ಗಿಡ ಹೆಂಗ್ ಬದುಕ್ತೈತಿ?" ಅಂತ ಅಪ್ಪ ಕೇಳಿದ್ದು ಸುಮ್ನೆ ಅಲ್ಲ. ನಮ್ಮ ಹೊಲದಲ್ಲಿ ಒಂದೂವರೆ ಎಕರೆ ಸವಳಾಗಿ ವರ್ಷಗಳೇ ಆದವು, ಬೇಸಿಗೆಲಿ ಬೆಳ್ಳಗೆ ಉಪ್ಪು ಮೇಲಕ್ಕೆ ಏಳುತ್ತೆ, ಭತ್ತ ಹಾಕಿದ್ರೆ ಕೆಂಪಗಾಗಿ ಸಾಯುತ್ತೆ, ಆ ಜಾಗ ನೋಡಿದಾಗೆಲ್ಲ ಅಪ್ಪಂಗೆ ಸಂಕಟ. ಹುಡುಗ ಒಂದು ಕೊಂಬೆ ಬಗ್ಗಿಸಿ "ನೆಕ್ಕಿ ನೋಡಿ ಅಜ್ಜ" ಅಂದ. ಎಲೆ ಮೇಲೆ ಸಣ್ಣ ಸಣ್ಣ ಉಪ್ಪಿನ ಹರಳು. ಅಪ್ಪ ನೆಕ್ಕಿದ, ನಾನೂ ನೆಕ್ಕಿದೆ, ಉಪ್ಪೇ. ಈ ಗಿಡ ಒಳಗೆ ಬಂದ ಉಪ್ಪನ್ನ ಎಲೆಯಿಂದ ಹೊರಗೆ ಹಾಕುತ್ತೆ, ಕಮಾನು ಬೇರಿನವು ಬೇರಲ್ಲೇ ಬಹುಪಾಲು ಸೋಸಿಬಿಡ್ತವೆ. "ಮತ್ತೆ ಏರಿದ ನೀರು ಇಳಿವಾಗ ತೊಳ್ಕೊಂಡು ಹೋಗ್ತದಲ್ಲ, ಕೆಸರಲ್ಲಿ ಉಪ್ಪು ಕೂರೂದಿಲ್ಲ" ಅಂದ ಹುಡುಗ.

ಅಪ್ಪ ಅದಕ್ಕೆ ಏನೂ ಹೇಳ್ಲಿಲ್ಲ. ಒಂದು ಬೆಳ್ಳಕ್ಕಿ ಬೇರಿನ ಮೇಲೆ ಕೂತು ಏಡಿ ಹುಡುಕ್ತಿತ್ತು, ಅದನ್ನೇ ನೋಡ್ತಾ ಕೂತಿದ್ದ. ದಡಕ್ಕೆ ಬಂದಾಗ ಸೊಂಟದವರೆಗೂ ಒದ್ದೆ, ತೋಳು ಸೋತಿತ್ತು, ಆದ್ರೂ ಇನ್ನೊಂದು ಸುತ್ತು ಹೋಗೋಣ್ವಾ ಅಂತ ಅವನೇ ಕೇಳಿದ.

ವಾಪಸ್ ಬರ್ತಾ ಘಾಟಿ ಹತ್ತಿದ್ಮೇಲೆ ಫೋನ್ ಸಿಗ್ನಲ್ ಸಿಕ್ತು. ಅಪ್ಪ ಚಿಕ್ಕಪ್ಪಂಗೆ ಫೋನ್ ಹಚ್ಚಿದ, ಟೂರ್ ಬಗ್ಗೆ ಹೇಳ್ತಾನೆ ಅನ್ಕೊಂಡೆ. "ಲೇ ತಮ್ಮಾ, ನಮ್ ಹೊಲಕ್ಕೆ ನೀರು ಬರೋದು ಮಾತ್ರ ನೋಡ್ಕೊಂಡ್ ಕುಂತ್ವಿ, ಹೋಗೋಕೆ ದಾರಿನೇ ಬಿಟ್ಟಿಲ್ಲ. ಆ ಹೂಳು ತುಂಬಿರೋ ಬಸಿಗಾಲುವೆ ಐತಲ್ಲ, ಸೋಮವಾರ ಜೆಸಿಬಿ ಕರೆಸು."