36 ಒಡವೆ, 12 ಪುಟ

ನಾನೇ ಮಾಡಿ ಮಾರಿದ್ದ ಓಲೆ ವಾಪಸ್ ಬಂದಿತ್ತು. ಪೊಟ್ಟಣ ಬಿಚ್ಚಿದಾಗ ಒಳಗೆ ಒಂದು ಚೀಟಿ ಇತ್ತು. ‘ಓಲೆ ಚೆನ್ನಾಗಿದೆ. ಆದರೆ ಫೋಟೋದಲ್ಲಿ ದೊಡ್ಡದಾಗಿ ಕಾಣ್ತಿತ್ತು.’ ಅಷ್ಟೇ. ಕೋಪ ಇಲ್ಲ, ದೂರಿಲ್ಲ. ಅದಕ್ಕೇ ಜಾಸ್ತಿ ನಾಟಿತು. ಓಲೆಯನ್ನು ಸ್ಕೇಲಿನ ಮೇಲಿಟ್ಟು ನೋಡಿದೆ. 14 ಮಿಲಿಮೀಟರ್. ನಾನು ಕಳಿಸಿದ್ದ ಫೋಟೋದಲ್ಲಿ ಅದು ಮೊಬೈಲ್ ಪರದೆ ತುಂಬಾ ಹರಡಿಕೊಂಡಿತ್ತು. ಅಳತೆ ಎಲ್ಲೂ ಬರೆದಿರಲಿಲ್ಲ. ಕೊಂಡವರ ತಪ್ಪೇನಿದೆ ಇದರಲ್ಲಿ?

ಅಲ್ಲಿಯವರೆಗೆ ಯಾರಾದರೂ ಕೇಳಿದರೆ ಮೊಬೈಲಿನಲ್ಲಿ ಹುಡುಕಿ ಒಂದೊಂದೇ ಫೋಟೋ ಕಳಿಸುತ್ತಿದ್ದೆ. ‘ಆ ನೀಲಿ ಹರಳಿನದು’ ಅನ್ನುತ್ತಿದ್ದರು. ನೀಲಿ ಹರಳಿನವು ನನ್ನಲ್ಲಿ ಮೂರಿದ್ದವು. ಆವತ್ತು ತಂಗಿಗೆ ಹೇಳಿದೆ, ಒಂದು ಕ್ಯಾಟಲಾಗ್ ಮಾಡಿಬಿಡೋಣ ಅಂತ.

ನನ್ನ ಹತ್ತಿರ ಅರವತ್ತಕ್ಕೂ ಜಾಸ್ತಿ ಒಡವೆ ಇದ್ದವು. ಎಲ್ಲವನ್ನೂ ಹಾಕುವ ಆಸೆ ನನಗೆ. ತಂಗಿ ಒಂದು ಎ4 ಹಾಳೆ ಮಡಚಿ ತೋರಿಸಿದಳು. ಒಂದು ಹಾಳೆಗೆ ನಾಲ್ಕು ಪುಟ. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ಮೂರು ಹಾಳೆ, 12 ಪುಟ. ಮುಂದಿನ ರಟ್ಟು, ಹಿಂದಿನ ರಟ್ಟು, ಅಳತೆಗೊಂದು ಪುಟ ತೆಗೆದರೆ ಉಳಿಯುವುದು ಒಂಬತ್ತು. ಪುಟಕ್ಕೆ ನಾಲ್ಕರಂತೆ 36 ಒಡವೆ. ಯಾವುದನ್ನು ಮತ್ತೆ ಅದೇ ಥರ ಮಾಡಿಕೊಡಬಲ್ಲೆನೋ ಅವನ್ನು ಮಾತ್ರ ಆರಿಸಿದೆ. ಒಂದೇ ಒಂದು ಮಾಡಿದ್ದನ್ನು ಅಚ್ಚು ಹಾಕಿಸಿ, ಆಮೇಲೆ ಇಲ್ಲ ಅನ್ನುವುದು ಸರಿಯಲ್ಲ.

ಫೋಟೋ ತೆಗೆಯುವುದಕ್ಕೇ ಇಡೀ ದಿನ ಹೋಯಿತು. ಒಪ್ಪ ಹಾಕಿದ ಬೆಳ್ಳಿ ಅಂದರೆ ಕನ್ನಡಿ. ಮೊದಲ ಫೋಟೋ ದೊಡ್ಡದು ಮಾಡಿ ನೋಡಿದರೆ ಒಂದು ಸಣ್ಣ ಗುಂಡಿನೊಳಗೆ ನನ್ನ ಕೆಂಪು ಅಂಗಿ, ಕೈಯಲ್ಲಿನ ಮೊಬೈಲ್, ಹಿಂದಿನ ಬಾಗಿಲು ಎಲ್ಲ ಕೂತಿದ್ದವು. ಬಿಳಿ ಅಂಗಿ ಹಾಕಿಕೊಂಡು ಬಂದೆ. ಬಲ್ಬ್ ಆರಿಸಿದೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಅಳೆಯುತ್ತಾರೆ; ಬಲ್ಬಿನ ಹಳದಿ ಬೆಳಕು ಸುಮಾರು 2700 ಕೆಲ್ವಿನ್, ಹಗಲ ಬೆಳಕು 5500ರ ಆಸುಪಾಸು. ಎರಡೂ ಬೆರೆತರೆ ಮುತ್ತು ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ. ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ, ಎದುರಿಗೆ ಬಿಳಿ ರಟ್ಟು ನಿಲ್ಲಿಸಿದ ಮೇಲೆ ಬೆಳಕು ಮೆತ್ತಗಾಯಿತು. ಆದರೆ ಈಗ ಬೆಳ್ಳಿಯ ಅಂಚೇ ಕಾಣದೆ ಬಿಳುಪಿನಲ್ಲಿ ಕರಗಿಹೋಯಿತು. ತಂಗಿ ಕಪ್ಪು ಕಾಗದದ ಒಂದು ಪಟ್ಟಿ ಕತ್ತರಿಸಿ ಬದಿಗೆ ಹಿಡಿದಳು. ತಕ್ಷಣ ಅಂಚಿನುದ್ದಕ್ಕೂ ತೆಳ್ಳಗೆ ಕಪ್ಪು ಗೆರೆ ಮೂಡಿತು, ಒಡವೆ ಎದ್ದು ನಿಂತಿತು. ಎಷ್ಟು ಖುಷಿಯಾಯಿತು ಅಂದರೆ ಇಬ್ಬರೂ ಸುಮ್ನೆ ನೋಡುತ್ತಾ ಕೂತುಬಿಟ್ಟೆವು. ಪ್ರತಿ ಓಲೆಯನ್ನೂ ತಂಗಿಯ ಕಿವಿಗೆ ಹಾಕಿ ಇನ್ನೊಂದು ಫೋಟೋ ತೆಗೆದೆ. ಆ 14 ಮಿಲಿಮೀಟರಿನ ಓಲೆಯಿಂದಲೇ ಶುರು ಮಾಡಿದೆ.

ರಾತ್ರಿ ಫೋಟೋಗಳನ್ನು ಹಿಗ್ಗಿಸಿ ನೋಡುವಾಗ ಹೊಟ್ಟೆಯಲ್ಲಿ ಕಸಿವಿಸಿ. ಒಂದು ಪೆಂಡೆಂಟಿನ ಕೊಂಡಿ ಪೂರ್ತಿ ಮುಚ್ಚಿರಲಿಲ್ಲ. ಕೂದಲೆಳೆಯಷ್ಟು ಸಂದು. ಒಂದು ಮುತ್ತಿನ ಬುಡದಲ್ಲಿ ಅಂಟಿನ ಹನಿ ಒಣಗಿ ನಿಂತಿತ್ತು. ಇವು ಬರಿಗಣ್ಣಿಗೆ ಕಂಡಿರಲೇ ಇಲ್ಲ. ಫೋಟೋ ತಿದ್ದಿದರೆ ಮರೆಯಾಗುತ್ತಿತ್ತು, ನಿಜ. ಆದರೆ ಆ ಸಂದಿನಿಂದ ಒಂದು ದಿನ ಪೆಂಡೆಂಟ್ ಜಾರಿ ಬೀಳುವುದು ಯಾರದೋ ಕೊರಳಿಂದ ಅಲ್ವಾ? ಏಳು ಒಡವೆ ಮತ್ತೆ ಕೆಲಸದ ಮೇಜಿಗೆ ಹೋದವು. ಇಕ್ಕಳ ಹಿಡಿದು ಒಂದೊಂದೇ ಸರಿಮಾಡಿ, ಮರುದಿನ ಇನ್ನೊಮ್ಮೆ ಫೋಟೋ ತೆಗೆದೆ.

ಫೋಟೋದ ಕೆಳಗೆ ನಾಲ್ಕೇ ಸಾಲು: ಸಂಖ್ಯೆ, ಲೋಹ, ಅಳತೆ, ತೂಕ. ಓಲೆಗೆ ಓ-01, ಓ-02, ಪೆಂಡೆಂಟಿಗೆ ಪೆ-01, ಹೀಗೆ. ತೂಕದ ಮುಂದೆ ‘ಒಂದು ಜೊತೆಗೆ’ ಅಂತ ಸೇರಿಸಿದೆ, ಒಂದು ಓಲೆಯದೋ ಎರಡರದೋ ಅನ್ನುವ ಗೊಂದಲ ಬೇಡ. 925 ಬೆಳ್ಳಿ ಅಂದರೆ ಸಾವಿರದಲ್ಲಿ 925 ಭಾಗ ಬೆಳ್ಳಿ, ಮಿಕ್ಕಿದ್ದು ಹೆಚ್ಚಾಗಿ ತಾಮ್ರ. ಇದನ್ನೂ ಅಳತೆಯ ಪುಟದಲ್ಲಿ ಬರೆದೆ. ‘ಚಿನ್ನದ ಬಣ್ಣ ಅಂದರೆ ಸಾಕಲ್ವಾ ಅಕ್ಕಾ, ಚಿಕ್ಕದಾಗಿರುತ್ತೆ’ ಅಂದಳು ತಂಗಿ. ನಾನು ಒಪ್ಪಲಿಲ್ಲ. ಬೆಳ್ಳಿಯ ಮೇಲೆ ಚಿನ್ನದ ಲೇಪ ಇದ್ದರೆ ಹಾಗೇ ಬರೆಯಬೇಕು. ಗಾಜಿನ ಹರಳಿದ್ದರೆ ಗಾಜು ಅಂತಲೇ. ಕಿವಿಗೆ ಚುಚ್ಚುವ ಕೊಕ್ಕೆ ಯಾವ ಲೋಹದ್ದು ಅಂತಲೂ ಹೇಳಬೇಕು, ನಿಕ್ಕಲ್ ತಾಗಿದರೆ ಕೆಲವರ ಚರ್ಮ ಕೆರಳುತ್ತದೆ. ಬೆಲೆ ಮಾತ್ರ ಬೇರೆ ಹಾಳೆಯಲ್ಲಿ. ಬೆಳ್ಳಿಯ ದರ ಏರಿಳಿದಾಗಲೆಲ್ಲ ಪುಸ್ತಕ ಮತ್ತೆ ಅಚ್ಚು ಮಾಡಿಸುವುದು ಆಗದ ಮಾತು.

ಅಳತೆಯ ಪುಟದಲ್ಲಿ ಉಂಗುರ ಇಟ್ಟು ನೋಡಲು ವೃತ್ತಗಳನ್ನು ಬರೆದಿದ್ದೆವು. ಮೊದಲ ಪ್ರತಿ ಪ್ರಿಂಟರಿನಿಂದ ಬಂದ ಕೂಡಲೇ ನನ್ನ ಬೆರಳಿನ ಉಂಗುರ ತೆಗೆದು 17 ಮಿಲಿಮೀಟರಿನ ವೃತ್ತದ ಮೇಲಿಟ್ಟೆ. ಸುತ್ತಲೂ ಬಿಳಿ ಸಂದು ಕಂಡಿತು. ಸ್ಕೇಲಿಟ್ಟು ನೋಡಿದರೆ ವೃತ್ತವೇ ಮುಕ್ಕಾಲು ಮಿಲಿಮೀಟರ್ ಕುಗ್ಗಿತ್ತು. ಉಂಗುರದಲ್ಲಿ ಅಷ್ಟು ಅಂದರೆ ಸೈಜೇ ಬದಲಾಗಿಬಿಡುತ್ತದೆ! ಪ್ರಿಂಟರ್ ಪುಟವನ್ನು ಹಾಳೆಗೆ ಹೊಂದಿಸಲು ತಾನೇ ಚಿಕ್ಕದು ಮಾಡಿತ್ತು. ‘ಆಕ್ಚುವಲ್ ಸೈಜ್’ ಆರಿಸಿ ಮತ್ತೆ ತೆಗೆದಾಗ ಉಂಗುರ ಗೆರೆಗೆ ಸರಿಯಾಗಿ ಕೂತಿತು. ಪಿಡಿಎಫ್ ತೆಗೆದುಕೊಂಡವರು ತಮ್ಮಲ್ಲೇ ಪ್ರಿಂಟ್ ತೆಗೆಯಬಹುದಲ್ಲ, ಅದಕ್ಕೆ ಪುಟದ ಕೆಳಗೆ 50 ಮಿಲಿಮೀಟರಿನ ಒಂದು ಗೆರೆ ಎಳೆದು, ‘ಮೊದಲು ಈ ಗೆರೆಯನ್ನು ಅಳೆಯಿರಿ’ ಅಂತ ಬರೆದೆವು.

ಮೊದಲ ಪಿಡಿಎಫ್ ಕಳಿಸಿದ್ದು ಓಲೆ ವಾಪಸ್ ಮಾಡಿದವರಿಗೆ. ಎರಡು ದಿನದ ಮೇಲೆ ಉತ್ತರ ಬಂತು. ‘ಓ-01 ನಾನು ವಾಪಸ್ ಕಳಿಸಿದ್ದೇ ಅಲ್ವಾ? ಕಿವಿಯಲ್ಲಿ ನೋಡಿದರೆ ಚೆನ್ನಾಗಿದೆ. ಆದರೂ ನನಗೆ ಓ-09 ಇರಲಿ, 22 ಮಿ.ಮೀ. ಕನ್ನಡಿ ಮುಂದೆ ಸ್ಕೇಲ್ ಹಿಡಿದು ನೋಡಿಕೊಂಡೆ.’